ಮುರುಗಲ ತುಪ್ಪ ಮತ್ತು ಅಪ್ಪನ ತುಟಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಟೀಮಿನಲ್ಲಿ ಅರ್ಧ ಜನ ನಗೋದು ನಿಲ್ಲಿಸ್ತಾರೆ. ರಿಲೀಸ್ ಹತ್ತಿರ ಬಂದಿದ್ದಕ್ಕೋ, ಅಪ್ರೈಸಲ್ ಭಯಕ್ಕೋ ಅಂತ ನಮ್ಮ ಮ್ಯಾನೇಜರ್ ಅಂದುಕೊಂಡಿರಬಹುದು. ಅಷ್ಟು ದೊಡ್ಡ ಕಾರಣ ಏನಿಲ್ಲ, ತುಟಿ ಒಡೆದಿರುತ್ತೆ. ಬಾಯಿ ಸ್ವಲ್ಪ ಅಗಲ ಆದ್ರೂ ಸಾಕು, ಕೆಳತುಟಿಯ ನಟ್ಟನಡುವೆ ಇರೋ ಆ ಗೆರೆ ಬಿರಿದು ಒಂದು ಹನಿ ರಕ್ತ. ಹಾಗಾಗಿ ಯಾರಾದ್ರೂ ಜೋಕ್ ಹೇಳಿದರೆ ತುಟಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಹೇಳಿದವನನ್ನು ಮನಸ್ಸಿನಲ್ಲೇ ಬೈಯುತ್ತಾ, ಮೂಗಿನಿಂದ ನಗೋ ವಿದ್ಯೆ ನಮಗೆಲ್ಲ ಸಿದ್ಧಿಸಿದೆ.

ಬೆಂಗಳೂರಿನ ಹವೆಯೇ ಹಾಗೆ. ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಮಳೆಗಾಲ ಮುಗಿದ ಮೇಲೆ ಗಾಳಿಯ ಪಸೆ ಇಳೀತಾ ಹೋಗಿ ಫೆಬ್ರವರಿ-ಮಾರ್ಚ್ ಮಧ್ಯಾಹ್ನಗಳಲ್ಲಿ ಪೂರ್ತಿ ಒಣಗಿರುತ್ತೆ. ಅದರ ಮೇಲೆ ಆಫೀಸಿನ ಎಸಿ. ತಂಪು ಮಾಡುವಾಗ ಅದು ಗಾಳಿಯಲ್ಲಿದ್ದ ನೀರನ್ನೂ ಹಿಂಡಿ ಹೊರಗೆ ಹಾಕುತ್ತೆ. ಹಾಗಾಗಿ ಹೊರಗೆ ಮಳೆ ಸುರಿಯುವ ಜುಲೈನಲ್ಲೂ ಒಳಗೆ ಕೂತವನ ತುಟಿ ಒಡೆಯೋದು ಸಾಧ್ಯ. ನಾನು ಕಣ್ಣಾರೆ ನೋಡಿದ್ದೇನೆ.

ಊರಲ್ಲಿದ್ದಾಗಲೂ ಇದಿತ್ತು. ನಮ್ಮದು ಸಾಗರದ ಕಡೆ, ಅಡಿಕೆ ತೋಟದ ಮನೆ. ಕೊಯ್ಲು ಶುರುವಾಯ್ತು ಅಂದ್ರೆ ಹಗಲು ಕೊನೆ ಇಳಿಸೋದು, ರಾತ್ರಿ ಸುಲಿಯೋದು. ಅಂಗಳದ ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಅಕ್ಕಪಕ್ಕದ ಮನೆಯವರೆಲ್ಲ ಸಾಲಾಗಿ ಕೂರೋರು. ನಿದ್ದೆ ಬರಬಾರದು ಅಂತ ಕಥೆ, ಒಗಟು, ಊರಿನ ಯಾರದೋ ಮದುವೆಯ ಅವಾಂತರ. ಆಚೆಮನೆ ಮಾವ ಕಥೆ ಹೇಳೋದರಲ್ಲಿ ಪಳಗಿದ ಕೈ. ಅವರು ಬಾಯಿ ತೆಗೆದರೆ ಸಾಕು, ನಮ್ಮ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು "ನಗಸಬೇಡಿ ಮಾರಾಯ್ರೇ, ತುಟಿ ಒಡೆದು ಹೋಗದೆ" ಅಂತ ಗೋಗರೆಯೋರು. ಅದನ್ನು ಕೇಳಿ ಮತ್ತಷ್ಟು ನಗು. ಮಾಗಿಯ ಚಳಿ, ಒಣ ಗಾಳಿ, ಹಗಲೆಲ್ಲ ಬಿಸಿಲು, ಅಡಿಕೆ ಬೇಯಿಸೋ ಒಲೆಯ ಝಳ, ಸಿಪ್ಪೆಯ ಚೊಗರು ಹತ್ತಿದ ಕೈ ಬಾಯಿಗೆ ತಾಗೋದು. ಇಷ್ಟೆಲ್ಲ ಸೇರಿದ ಮೇಲೆ ತುಟಿ ಒಡೀದೇ ಇದ್ದರೆ ಆಶ್ಚರ್ಯ.

ಅಜ್ಜಿಯ ಹತ್ತಿರ ಇದಕ್ಕೆ ಒಂದೇ ಔಷಧಿ. ಮುರುಗಲ ತುಪ್ಪ.

ಘಟ್ಟದ ಕೆಳಗಿನವರು ಪುನರ್ಪುಳಿ ಅಂತಾರೆ, ನಗರದ ಅಂಗಡಿಯಲ್ಲಿ ಕೋಕಂ ಅಂತ ಸಿಗುತ್ತೆ. ಹಣ್ಣಿನ ಸಿಪ್ಪೆಯ ಕೆಂಪು ಶರಬತ್ತು ನೀವೂ ಕುಡಿದಿರುತ್ತೀರಿ. ಶರಬತ್ತು ಮಾಡಿ ಉಳಿದ ಬೀಜ ಏನಾಗುತ್ತೆ ಅಂತ ಯಾರೂ ಕೇಳಲ್ಲ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಹಣ್ಣು ಬಿದ್ದಾಗ ಸಿಪ್ಪೆಯನ್ನು ಒಂದು ಕಡೆ ಒಣಹಾಕಿದರೆ, ಬೀಜವನ್ನು ತೊಳೆದು ಇನ್ನೊಂದು ಕಡೆ ಒಣಹಾಕ್ತಿದ್ದರು. ಚೆನ್ನಾಗಿ ಒಣಗಿದ ಮೇಲೆ ಮೇಲಿನ ಓಡು ಒಡೆದು, ಒರಳಿಗೆ ಹಾಕಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸೋದು. ಕುದೀತಾ ಕುದೀತಾ ಎಣ್ಣೆಯ ಪದರ ಮೇಲೆ ತೇಲುತ್ತೆ. ಅದನ್ನು ಸೌಟಲ್ಲಿ ನಿಧಾನ ತೆಗೆದು ಬೇರೆ ಪಾತ್ರೆಗೆ ಹಾಕಿ ಆರಲು ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮಾಸಲು ಬಿಳಿ ಬಣ್ಣದ ಗಟ್ಟಿ ಹಲ್ಲೆ. ಸಿಗೋದು ಬೀಜದ ತೂಕದ ಸುಮಾರು ಕಾಲುಭಾಗ. ಮನೆಯ ಒಲೆಯಲ್ಲಿ ಅದೂ ಸಿಗಲ್ಲ, ಎಷ್ಟೋ ಪಾಲು ನೀರಿನಲ್ಲೇ ಉಳಿದುಹೋಗುತ್ತೆ. ಬೆಚ್ಚಗಿರುವಾಗಲೇ ಕೈಯಲ್ಲಿ ಉಂಡೆ ಕಟ್ಟಿ ಕರಟದಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡಲ್ಲ. ನಮ್ಮನೆಯಲ್ಲಿ ಆ ಕರಟ ಇರ್ತಿದ್ದದ್ದು ಬಚ್ಚಲ ಒಲೆಯ ಮೇಲಿನ ಗೂಡಲ್ಲಿ.

ಹಚ್ಚೋ ವಿಧಾನಕ್ಕೂ ಒಂದು ಕ್ರಮ ಇತ್ತು. ಉಂಡೆಯಿಂದ ಉಗುರಲ್ಲಿ ಒಂದು ಚೂರು ಕೆರೆದು, ಚಿಮಣಿ ದೀಪದ ಶಾಖಕ್ಕೆ ಹಿಡಿದು, ಅದು ಕರಗಿದ ತಕ್ಷಣ ಹಿಮ್ಮಡಿಗೆ, ಕೈಗೆ, ಕೊನೆಗೆ ತುಟಿಗೆ. ಹಿಮ್ಮಡಿ ಮುಟ್ಟಿದ ಬೆರಳೇ ತುಟಿಗೂ ಬರ್ತಿತ್ತು ಅನ್ನೋದನ್ನು ಈಗ ನೆನೆಸಿಕೊಂಡರೆ ಸ್ವಲ್ಪ ಇರಿಸುಮುರುಸು ಆಗುತ್ತೆ, ಆಗ ಆಗ್ತಿರಲಿಲ್ಲ. ಹಚ್ಚಿಸಿಕೊಂಡ ಮೇಲೆ ಮಾತಾಡಬಾರದು, ನೀರು ಕುಡೀಬಾರದು, ನೇರ ಹೋಗಿ ಮಲಗಬೇಕು. ಮಕ್ಕಳನ್ನು ಮಲಗಿಸೋಕೆ ಅಜ್ಜಿ ಕಂಡುಕೊಂಡ ಉಪಾಯ ಇದು ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಓದಿ ತಿಳಿದಿದ್ದು ಬೇರೆ: ಈ ತುಪ್ಪ ಕರಗೋದು ಸುಮಾರು 38ರಿಂದ 40 ಡಿಗ್ರಿಯಲ್ಲಿ. ಅಂದ್ರೆ ನಮ್ಮ ಮೈಯ ಬಿಸಿಗಿಂತ ಒಂಚೂರು ಮೇಲೆ. ದೀಪಕ್ಕೆ ಹಿಡಿದಾಗ ಕರಗಿ, ತುಟಿಗೆ ಹೋಗಿ ಮತ್ತೆ ಗಟ್ಟಿಯಾಗಿ ಕೂರುತ್ತೆ. ಕೊಬ್ಬರಿ ಎಣ್ಣೆ ಹಾಗಲ್ಲ. ಅದು 24-25 ಡಿಗ್ರಿಗೇ ನೀರಾಗುತ್ತೆ, ಹಚ್ಚಿದ ಹತ್ತು ನಿಮಿಷಕ್ಕೆ ಹರಿದು ಗಲ್ಲಕ್ಕೋ ಹೊಟ್ಟೆಗೋ ಸೇರಿರುತ್ತೆ. ಇವತ್ತು ದುಬಾರಿ ಲಿಪ್ ಬಾಮ್‌ಗಳ ಹಿಂದೆ ಸಣ್ಣ ಅಕ್ಷರದಲ್ಲಿ ಕೋಕಂ ಬಟರ್ ಅಂತ ಬರೆದಿರ್ತಾರಲ್ಲ, ಅದು ಇದೇ ನಮ್ಮ ಬಚ್ಚಲ ಗೂಡಿನ ಕರಟ.

ತುಟಿ ಮಾತ್ರ ಯಾಕೆ ಹೀಗೆ ಒಡೀಬೇಕು? ಕೆನ್ನೆ ಒಡೆಯಲ್ಲ, ಹಣೆ ಒಡೆಯಲ್ಲ. ಮೈಮೇಲಿನ ಬೇರೆ ಚರ್ಮಕ್ಕೆ ಎಣ್ಣೆ ಗ್ರಂಥಿ, ಬೆವರಿನ ಗ್ರಂಥಿ ಅಂತ ಇರುತ್ತೆ. ಅವುಗಳ ಪಸೆ ಸೇರಿ ಮೇಲೆ ಒಂದು ತೆಳು ಲೇಪ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿ ಇಲ್ಲ, ಎಣ್ಣೆ ಗ್ರಂಥಿ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಹೊರಪದರ ಬಹಳ ತೆಳು, ಅದಕ್ಕೇ ಒಳಗಿನ ರಕ್ತನಾಳದ ಕೆಂಪು ಹೊರಗೆ ಕಾಣೋದು. ಒಳಗೆ ಬಾಯಿ, ಹೊರಗೆ ಮುಖ, ನಡುವೆ ಎರಡಕ್ಕೂ ಸೇರದ ಒಂದು ಗಡಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೈರ್‌ವಾಲ್ ಇಲ್ಲದೆ ನೇರ ಇಂಟರ್ನೆಟ್ಟಿಗೆ ಬಿಟ್ಟ ಸರ್ವರ್.

ಇಂಥ ತುಟಿ ಒಣಗಿದಾಗ ನಾವು ಮಾಡೋ ಮೊದಲ ಕೆಲಸ ನಾಲಿಗೆಯಲ್ಲಿ ಸವರೋದು. ಎರಡು ನಿಮಿಷ ಹಿತ. ಆಮೇಲೆ ಎಂಜಲು ಆರಿಹೋಗುವಾಗ ತುಟಿಯ ಒಳಗಿದ್ದ ಪಸೆಯನ್ನೂ ಕರ್ಕೊಂಡು ಹೋಗುತ್ತೆ. ಜೊತೆಗೆ ಎಂಜಲಲ್ಲಿ ಅನ್ನ ಜೀರ್ಣ ಮಾಡೋ ಕಿಣ್ವ ಇರುತ್ತೆ, ಅದು ಅನ್ನಕ್ಕೆ ಒಳ್ಳೇದು, ಬಿರುಕುಬಿಟ್ಟ ಚರ್ಮಕ್ಕೆ ಅಲ್ಲ. ಮತ್ತೆ ಒಣಗುತ್ತೆ, ಮತ್ತೆ ಸವರ್ತೀವಿ. ಎಕ್ಸಿಟ್ ಕಂಡೀಶನ್ ಇಲ್ಲದ ಲೂಪ್. ಶಾಲೆಗೆ ಹೋಗೋ ಕೆಲವು ಮಕ್ಕಳ ಬಾಯಿ ಸುತ್ತ ಕೆಂಪು ಉಂಗುರ ಇರುತ್ತಲ್ಲ, ನಾಲಿಗೆ ಎಷ್ಟು ದೂರ ತಲುಪುತ್ತೋ ಅಷ್ಟೂ ದೂರ, ಅದು ಈ ಲೂಪಿನ ಔಟ್‌ಪುಟ್. ಇನ್ನು ಎದ್ದ ಸಿಪ್ಪೆಯನ್ನು ಹಲ್ಲಲ್ಲಿ ಕಚ್ಚಿ ಕೀಳೋರ ಜಾತಿಯೇ ಬೇರೆ. ಕೋಡ್ ರಿವ್ಯೂ ಮಾಡುವಾಗ ನಮ್ಮ ಒಬ್ಬ ಸೀನಿಯರ್ ಹೀಗೆ ಕಿತ್ತು ಕಿತ್ತು ರಕ್ತ ಬರಿಸಿಕೊಳ್ಳೋದನ್ನು ನೋಡಿ, ನನ್ನ ಕೋಡ್ ಅಷ್ಟು ಕೆಟ್ಟದಾಗಿದೆಯಾ ಅಂತ ನಾನು ಹೆದರಿದ್ದುಂಟು.

ತುಟಿ ಒಡೆದವನಿಗೆ ಸಲಹೆಗೆ ಬರ ಇಲ್ಲ. ಮಂಡ್ಯದ ರೂಮ್‌ಮೇಟ್ ಹೊಕ್ಕುಳಿಗೆ ಎಣ್ಣೆ ಬಿಟ್ಕೊಂಡು ಮಲಗು ಅಂದ. ಅವನ ಅಮ್ಮ ಹೇಳಿದ್ದಂತೆ, ಅವರ ಅಮ್ಮ ಅವರಿಗೆ ಹೇಳಿದ್ದಂತೆ. ಈ ನಂಬಿಕೆ ಕರ್ನಾಟಕದ ಎಲ್ಲಾ ಕಡೆ ಇದೆ, ಉತ್ತರದ ಕಡೆಯವರಲ್ಲೂ ಇದೆ, ಕೇಳಿದರೆ ಹೊಕ್ಕುಳಿಂದ 72 ಸಾವಿರ ನಾಡಿ ಹೊರಡುತ್ತೆ ಅಂತಾರೆ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯ ರಕ್ತನಾಳಗಳು ಮುಚ್ಚಿಹೋಗುತ್ತವೆ. ಅಲ್ಲಿಗೆ ಬಿಟ್ಟ ಎಣ್ಣೆ ತುಟಿಗೆ ಹೋಗೋಕೆ ದಾರಿಯೇ ಇಲ್ಲ. ಆದರೂ ಅವನಿಗೆ ಗುಣ ಆಗ್ತಿತ್ತು! ನೋಡಿದರೆ, ಹೊಕ್ಕುಳಿಗೆ ಬಿಟ್ಟ ಎಣ್ಣೆಯ ಬೆರಳನ್ನು ಒರೆಸಿಕೊಳ್ತಿದ್ದದ್ದು ತುಟಿಗೆ.

ಸಂಕ್ರಾಂತಿಗೆ ಅದೇ ಮಂಡ್ಯದ ಮನೆಯಿಂದ ಎಳ್ಳು-ಬೆಲ್ಲ ಬರ್ತಿತ್ತು. ನಮ್ಮ ಕಡೆ ಅದರ ಗದ್ದಲ ಅಷ್ಟಿಲ್ಲ. ಚಳಿಗಾಲದಲ್ಲಿ ಮೈ ಒಡೆಯೋದಕ್ಕೆ ಎಳ್ಳು, ಕೊಬ್ಬರಿ, ಕಡಲೆಕಾಯಿಯ ಜಿಡ್ಡು ಒಳಗಿಂದ ಆಗಲಿ ಅಂತ ಹಿರಿಯರು ಮಾಡಿದ್ದು ಅಂತ ಹೇಳ್ತಾರೆ. ಇರಬಹುದು. ನಾನಂತೂ ಔಷಧಿ ಅಂತ ಹೇಳಿಕೊಂಡು ಡಬ್ಬ ಖಾಲಿ ಮಾಡಿದ್ದೇನೆ.

ಇನ್ನು ಕೆಲವು ಸಲಹೆಗಳಿಂದ ದೂರ ಇರಬೇಕು. ನಿಂಬೆರಸಕ್ಕೆ ಸಕ್ಕರೆ ಹಾಕಿ ತುಟಿ ಉಜ್ಜೋದು ಅದರಲ್ಲಿ ಮೊದಲನೇದು. ಒಡೆದ ಗಾಯಕ್ಕೆ ಹುಳಿ ಹಾಕಿ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ. ಹಚ್ಚಿದ ಕೂಡಲೇ ಚುರುಗುಟ್ಟಿ ತಂಪಾಗೋ ಲಿಪ್ ಬಾಮ್‌ಗಳೂ ಅಷ್ಟೇ. ಆ ತಂಪು ಮೆಂಥಾಲ್ ಅಥವಾ ಕರ್ಪೂರದ್ದು, ಚರ್ಮದ ಡಾಕ್ಟರುಗಳು ಒಡೆದ ತುಟಿಗೆ ಬೇಡ ಅನ್ನೋದೇ ಅದನ್ನು. ಚುರುಗುಟ್ಟಿದರೆ ಕೆಲಸ ಮಾಡ್ತಿದೆ ಅಂತ ನಮ್ಮ ಜನಕ್ಕೊಂದು ನಂಬಿಕೆ. ಚುರುಗುಟ್ಟಿದರೆ ಉರೀತಿದೆ ಅಂತ ಅರ್ಥ, ಅಷ್ಟೇ. ಸ್ಟ್ರಾಬೆರಿ ರುಚಿಯ ಬಾಮ್ ಹಚ್ಚಿಕೊಂಡರೆ ನಾಲಿಗೆ ಸುಮ್ಮನಿರುತ್ತಾ? ಜೇನುತುಪ್ಪ ದೊಡ್ಡವರಿಗೆ ಅಡ್ಡಿಯಿಲ್ಲ, ಅದು ಪಸೆ ಹಿಡಿದಿಡುತ್ತೆ. ಆದ್ರೆ ಒಂದು ವರ್ಷ ತುಂಬದ ಮಗುವಿನ ತುಟಿಗೆ ಮಾತ್ರ ಸವರಬೇಡಿ. ಜೇನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಅಷ್ಟು ಎಳೆ ಕರುಳಲ್ಲಿ ಮೊಳೆತು ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ತರಬಹುದು. ಮಗು ನೋಡೋಕೆ ಹೋದಾಗ ಅತ್ತೆಯರ ಕೈಯಲ್ಲಿ ಜೇನಿನ ಬಾಟಲಿ ಕಂಡರೆ ಜಗಳ ಆದ್ರೂ ಪರವಾಗಿಲ್ಲ, ಹೇಳಿ.

ಕೊನೆಗೆ ನನ್ನ ಟೇಬಲ್ ಮೇಲೆ ಉಳಿದಿರೋದು ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಪೆಟ್ರೋಲಿಯಂ ಜೆಲ್ಲಿ. ಇದರ ಕಥೆ ನನಗೆ ಇಷ್ಟ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಣ್ಣೆಬಾವಿ ಸಿಕ್ಕಿತು. ರಾಬರ್ಟ್ ಚೀಸ್‌ಬ್ರೋ ಅನ್ನೋ ರಸಾಯನಶಾಸ್ತ್ರ ಬಲ್ಲ ಯುವಕ ಅಲ್ಲಿಗೆ ಹೋದಾಗ, ಪಂಪಿನ ಸರಳಿಗೆ ಮೆತ್ತಿಕೊಂಡು ಕಾಟ ಕೊಡ್ತಿದ್ದ ಮೇಣದಂಥ ಕಪ್ಪು ಅಂಟನ್ನು ಕೆಲಸಗಾರರು ಕೈ ಸುಟ್ಟ ಗಾಯಕ್ಕೆ ಹಚ್ಚಿಕೊಳ್ತಿದ್ದರು. ಅವನು ಅದನ್ನು ತಂದು ವರ್ಷಗಟ್ಟಲೆ ಶುದ್ಧ ಮಾಡಿ 1872ರಲ್ಲಿ ವ್ಯಾಸಲೀನ್ ಹೆಸರಲ್ಲಿ ಪೇಟೆಂಟ್ ತಗೊಂಡ. ಜನರ ಎದುರು ತನ್ನ ಚರ್ಮವನ್ನೇ ಸುಟ್ಟುಕೊಂಡು ಮೇಲೆ ಜೆಲ್ಲಿ ಹಚ್ಚಿ ತೋರಿಸ್ತಿದ್ದ. ಎಂತೆಂಥ ಪ್ರಾಡಕ್ಟ್ ಡೆಮೋ ನೋಡಿದ್ದೇವೆ, ಇಂಥದ್ದು ನೋಡಿಲ್ಲ. ದಿನಾ ಒಂದು ಚಮಚ ತಿಂತಿದ್ದ ಅಂತಲೂ ಹೇಳ್ತಾರೆ, 96 ವರ್ಷ ಬದುಕಿದ. ನೀವು ತಿನ್ನೋಕೆ ಹೋಗಬೇಡಿ.

ಒಂದು ವಿಷಯ. ಜೆಲ್ಲಿ ನೀರು ಕೊಡಲ್ಲ, ಇರೋ ನೀರು ಹೋಗದಂತೆ ಮುಚ್ಚಳ ಹಾಕುತ್ತೆ ಅಷ್ಟೆ. ಮುರುಗಲ ತುಪ್ಪ ಮಾಡೋದೂ ಬಹುಮಟ್ಟಿಗೆ ಅದನ್ನೇ. ಹಾಗಾಗಿ ಒಣಗಿದ ತುಟಿಗೆ ಹಚ್ಚೋದಕ್ಕಿಂತ, ಮುಖ ತೊಳೆದು ತುಟಿ ಇನ್ನೂ ಹಸಿ ಇರುವಾಗಲೇ ದಪ್ಪಗೆ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ವ್ಯತ್ಯಾಸ ಗೊತ್ತಾಗುತ್ತೆ. ಹಗಲು ಊಟ ಆದ ಮೇಲೊಮ್ಮೆ. ನಾಲಿಗೆಗೆ ಕೆಲಸ ಕೊಡದೆ, ಸಿಪ್ಪೆ ಕೀಳದೆ ಇದ್ದರೆ ಸಾಮಾನ್ಯ ಒಡಕು ಒಂದೆರಡು ವಾರದಲ್ಲಿ ಮಾಯುತ್ತೆ. ಮೊಡವೆಗೆ ಐಸೋಟ್ರೆಟಿನೋಯಿನ್ ಮಾತ್ರೆ ತಗೊಳ್ತಿರೋರಿಗೆ ಇದು ಸಾಲದು, ಆ ಮಾತ್ರೆ ತುಟಿ ಒಣಗಿಸದೆ ಬಿಡಲ್ಲ. ನಮ್ಮ ಟೀಮಿನ ಹುಡುಗಿಯೊಬ್ಬಳು ಆರು ತಿಂಗಳು ಪ್ರತಿ ಮೀಟಿಂಗಿಗೂ ಲ್ಯಾಪ್‌ಟಾಪ್ ಜೊತೆ ಜೆಲ್ಲಿ ಡಬ್ಬ ತರ್ತಿದ್ದಳು.

ಕಟಬಾಯಿ ಸೀಳೋದು ಇದಲ್ಲ, ಅದು ಬೇರೆ ಕತೆ. ಬಾಯಿಯ ಎರಡೂ ಮೂಲೆಯಲ್ಲಿ ಕೆಂಪಗೆ ಸೀಳಿ, ಆಕಳಿಸೋಕೂ ಆಗಲ್ಲ. ಪಿಜಿಯಲ್ಲಿ ಇದ್ದಾಗ ನಮಗೆಲ್ಲ ಇದಾದಾಗ ಮೆಡಿಕಲ್ ಶಾಪಿನವನು ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸ್ತಿದ್ದ. ಬಿ2 ಕೊರತೆಯಿಂದ ಆಗೋದು ನಿಜ, ಆದರೆ ಕಬ್ಬಿಣದ ಅಂಶ ಕಡಿಮೆ ಇದ್ದರೂ ಆಗುತ್ತೆ, ಸಕ್ಕರೆ ಕಾಯಿಲೆ ಇದ್ದರೂ ಆಗುತ್ತೆ. ನಮ್ಮ ಅಜ್ಜಿಗೆ ಕೊನೆಗಾಲದಲ್ಲಿ ಆಗಿದ್ದು ಕಟ್ಟಿಸಿದ ಹಲ್ಲು ಸಡಿಲ ಆಗಿ. ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಎಂಜಲು ನಿಂತು, ಅಲ್ಲಿ ಬೂಸ್ಟು ಬೆಳೆದು ಸೀಳಿತ್ತು. ಅದಕ್ಕೆ ಬೂಸ್ಟಿನ ಮುಲಾಮು ಬೇಕು. ಬರೀ ಜಿಡ್ಡು ಹಚ್ಚಿದರೆ ಅದು ಹೋಗಲ್ಲ. ತನ್ನ ಮುರುಗಲ ತುಪ್ಪ ಸೋತದ್ದನ್ನು ಅಜ್ಜಿ ಕೊನೆವರೆಗೂ ಒಪ್ಪಲಿಲ್ಲ, ಡಾಕ್ಟ್ರ ಮುಲಾಮಿನ ಮೇಲೆ ಅದನ್ನೂ ಒಂಚೂರು ಹಚ್ಚಿಕೊಳ್ತಿದ್ದಳು.

ಈಗ ಅಪ್ಪನ ವಿಷಯ.

ಕಳೆದ ದೀಪಾವಳಿ ಹೊತ್ತಿಗೆ ಅಪ್ಪನ ಕೆಳತುಟಿಯ ಬಲಗಡೆ ಒಂದು ಒಡಕು ಬಂತು. ಆಗ ನಮ್ಮನೆಯಲ್ಲಿ ಎಲ್ಲರ ತುಟಿಯೂ ಒಡೆದಿತ್ತು, ಕೊಯ್ಲಿನ ಕಾಲ. ಸಂಕ್ರಾಂತಿ ಕಳೆದು ಒಂದು ಭಾನುವಾರ ಅಮ್ಮ ಫೋನ್ ಮಾಡಿದಾಗ, ಹಾಲಿನ ಡೇರಿ, ಕರುವಿನ ಸುದ್ದಿ ಎಲ್ಲ ಆದ ಮೇಲೆ, ಇಡೋ ಹೊತ್ತಿಗೆ ಹೇಳಿದಳು: "ಎಲ್ಲರ ತುಟಿ ಸರಿ ಆಯ್ತು. ನಿನ್ನ ಅಪ್ಪಂದು ಮಾತ್ರ ಹಂಗೇ ಇದೆ. ಅದೇ ಜಾಗ."

ಅದೇ ಜಾಗ ಅನ್ನೋ ಎರಡು ಪದಕ್ಕೆ ನನಗೆ ನಿದ್ದೆ ಹೋಯ್ತು. ಮಾಮೂಲಿ ಒಡಕು ಇವತ್ತು ಇಲ್ಲಿ, ನಾಳೆ ಅಲ್ಲಿ, ಹವೆ ನೋಡಿಕೊಂಡು ಬರುತ್ತೆ ಹೋಗುತ್ತೆ. ಎರಡು-ಮೂರು ವಾರ ಆದರೂ ಮಾಯದೆ ಒಂದೇ ಜಾಗದಲ್ಲಿ ಕೂತ ಗಾಯವನ್ನು ಡಾಕ್ಟರಿಗೆ ತೋರಿಸಲೇಬೇಕು ಅಂತ ಎಲ್ಲಾ ಕಡೆ ಬರೆದಿರ್ತಾರೆ. ಅಪ್ಪಂದು ಹತ್ತಿರ ಹತ್ತಿರ ಮೂರು ತಿಂಗಳು. ವಿಡಿಯೋ ಕಾಲ್ ಮಾಡಿ ತುಟಿ ತೋರಿಸು ಅಂದರೆ ಅಪ್ಪ ಕ್ಯಾಮೆರಾಕ್ಕೆ ಹಣೆ ತೋರಿಸಿದ, ಆಮೇಲೆ ಮಾಡಿನ ಹೆಂಚು ತೋರಿಸಿದ, ಆಮೇಲೆ ನೆಟ್‌ವರ್ಕ್ ಹೋಯ್ತು.

ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದೆ.

ಹಗಲು ಬೆಳಕಲ್ಲಿ ನೋಡಿದೆ. ಒಡಕು ದೊಡ್ಡದೇನಲ್ಲ, ಅಡಿಕೆ ಸಿಪ್ಪೆಯ ನಾರಿನಷ್ಟು. ಆದರೆ ಸುತ್ತ ಬಿಳಿಚಿಕೊಂಡು ಒರಟಾಗಿತ್ತು. ತುಟಿ ಎಲ್ಲಿ ಮುಗಿದು ಗಲ್ಲದ ಚರ್ಮ ಎಲ್ಲಿ ಶುರು ಅನ್ನೋ ಗೆರೆ ಅಲ್ಲಿ ಅಳಿಸಿಹೋದ ಹಾಗಿತ್ತು. ನೋವಿದೆಯಾ ಅಂದರೆ ಇಲ್ಲ ಅಂದ. ನೋವಿಲ್ಲದ್ದೇ ಅಪ್ಪನಿಗೆ ಧೈರ್ಯ, ನನಗೆ ಹೆದರಿಕೆ. ನಲವತ್ತು ವರ್ಷದ ಬಿಸಿಲು ಒಂದು ಕಡೆ, ನಲವತ್ತು ವರ್ಷದ ಕವಳ ಇನ್ನೊಂದು ಕಡೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಇಡೋದು ಬಲಗಡೆ.

"ತುಟಿ ಒಡೆದಿದ್ದಕ್ಕೆ ಶಿವಮೊಗ್ಗಕ್ಕೆ ಹೋದ್ರೆ ಡಾಕ್ಟ್ರು ನಗ್ತಾರೆ ಮಾರಾಯ" ಅಂದ ಅಪ್ಪ. ಕರಟ ತೋರಿಸಿ, "ದಿನಾ ಹಚ್ತಾ ಇದ್ದೀನಲ್ಲ" ಅಂದ.

ನಾನು ಹೇಳೋದನ್ನೆಲ್ಲ ಹೇಳಿದೆ. ಸ್ಲೈಡ್ ಒಂದಿರಲಿಲ್ಲ, ಉಳಿದಂತೆ ಪೂರ್ತಿ ಪ್ರೆಸೆಂಟೇಶನ್. ಅಪ್ಪ ಕವಳದ ಬಟ್ಟಲು ಹತ್ತಿರ ಎಳ್ಕೊಂಡು ಎಲೆಯ ತೊಟ್ಟು ಮುರೀತಾ ಕೇಳಿಸಿಕೊಂಡ. "ಅಡಿಕೆ ತಿಂದ್ರೆ ಕ್ಯಾನ್ಸರ್ ಅಂತ ಪೇಪರಿನವರು ವರ್ಷಕ್ಕೊಂದ್ಸಲ ಬರೀತಾರೆ. ರೇಟ್ ಬೀಳಿಸಕ್ಕೆ. ಇದೇ ಅಡಿಕೆ ಅಲ್ದನಾ ನಿನ್ನ ಇಂಜಿನಿಯರ್ ಮಾಡಿದ್ದು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬಿಇ ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಮೊದಲ ಲ್ಯಾಪ್‌ಟಾಪ್ ಎಲ್ಲ ಮಂಡಿಗೆ ಹೋದ ಮೂಟೆಗಳಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ ವರದಿ ತಂತು. ನಾನು ಆ ವರದಿಯ ಸಾರಾಂಶ ಓದಿದ್ದೇನೆ. ಓದಿಸಿದ ದುಡ್ಡು ಯಾವುದು ಅಂತಲೂ ಗೊತ್ತು. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಅಪ್ಪನ ಎದುರು ಕೂತಿದ್ದೆ.

ದಾರಿ ಮಾಡಿದ್ದು ಅಮ್ಮ. ಒಳಗಿಂದ ಮಜ್ಜಿಗೆ ಲೋಟ ಹಿಡ್ಕೊಂಡು ಬಂದವಳು ನಿಂತುಕೊಂಡೇ ಹೇಳಿದಳು: "ಎಲೆಚುಕ್ಕಿ ರೋಗ ಬಂದಾಗ ಸೋಗೆ ಕತ್ತರಿಸ್ಕೊಂಡು ಬಸ್ಸಲ್ಲಿ ಹೋಗಿ ಕೃಷಿಯವರಿಗೆ ತೋರಿಸಿ ಬಂದ್ರಲ. ಮೂರು ಸಲ. ಮರದ ಎಲೆ ತಗೊಂಡು ಹೋಗಕ್ಕೆ ಬರ್ತದೆ, ತುಟಿ ತಗೊಂಡು ಹೋಗಕ್ಕೆ ಬರಲ್ವಾ?"

ಅಪ್ಪ ಮಜ್ಜಿಗೆ ಕುಡಿದ. ಸೋಮವಾರ ಬೆಳಿಗ್ಗೆ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದ.

ಡಾಕ್ಟರು ನಗಲಿಲ್ಲ. ಎಷ್ಟು ದಿನ ಆಯ್ತು, ಒಂದೇ ಜಾಗದಲ್ಲಿದೆಯಾ, ಬಾಯಿಗೆ ಏನು ಹಾಕ್ತೀರಿ ಅಂತ ಮೂರೇ ಪ್ರಶ್ನೆ. ಬಾಯಿ ಒಳಗೆ ಬೆಳಕು ಬಿಟ್ಟು ಕೆನ್ನೆ, ನಾಲಿಗೆಯ ಅಡಿ ಎಲ್ಲ ನೋಡಿದರು. ದವಡೆಯ ಕೆಳಗೆ, ಕುತ್ತಿಗೆಯ ಬದಿಯಲ್ಲಿ ಗಂಟು ಇದೆಯಾ ಅಂತ ಒತ್ತಿ ಒತ್ತಿ ನೋಡಿದರು. ಆಮೇಲೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಅಕ್ಕಿಕಾಳಿನಷ್ಟು ತೆಗೆದು ಎರಡು ಹೊಲಿಗೆ ಹಾಕಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊರಗೆ ಬಂದ ಅಪ್ಪ, "ಇಷ್ಟೇನಾ?" ಅಂದ. ಹಾಗೆ ಅಂದಿದ್ದು ಅರ್ಥ ಆಗಿದ್ದು ನನಗೊಬ್ಬನಿಗೆ, ತುಟಿಗೆ ಇನ್ನೂ ಜೋಮು ಹಿಡಿದಿತ್ತು.

ರಿಪೋರ್ಟಿಗೆ ಒಂಬತ್ತು ದಿನ. ನಾನು ಅಟ್ಟದ ಮೇಲೆ, ಸಿಗ್ನಲ್ ಸಿಗೋ ಒಂದೇ ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡಿದೆ. ಹೊಲಿಗೆ ಇದ್ದದ್ದರಿಂದ ಕವಳ ಬಂದ್. ಮೊದಲ ಎರಡು ದಿನ ಅಪ್ಪ ಎಲ್ಲರ ಮೇಲೂ ರೇಗಿದ, ನಾಯಿಯನ್ನೂ ಬಿಡಲಿಲ್ಲ. ಊಟ ಆದ ಕೂಡಲೇ ಕೈ ತಾನಾಗಿ ಬಟ್ಟಲು ಇರ್ತಿದ್ದ ಜಾಗಕ್ಕೆ ಹೋಗೋದು, ಖಾಲಿ ನೆಲ ಸವರಿ ವಾಪಸ್ ಬರೋದು. ಅಮ್ಮ ಬಟ್ಟಲನ್ನು ಬಚ್ಚಿಟ್ಟಿದ್ದಳು. ಎಲ್ಲಿ ಅಂತ ನನಗೂ ಹೇಳಲಿಲ್ಲ. ಏಲಕ್ಕಿ, ಲವಂಗ, ಸೋಂಪು ಎಲ್ಲ ಪ್ರಯೋಗ ಆಯ್ತು. ರಾತ್ರಿ ನಿದ್ದೆ ಬರದೆ ಅಪ್ಪ ಜಗಲಿಯಲ್ಲಿ ಓಡಾಡೋ ಸದ್ದು ಅಟ್ಟಕ್ಕೆ ಕೇಳ್ತಿತ್ತು. ಹೊಗೆಸೊಪ್ಪು ಬಿಟ್ಟಿದ್ದಕ್ಕೋ, ರಿಪೋರ್ಟಿನ ಯೋಚನೆಗೋ ಕೇಳೋ ಧೈರ್ಯ ಆಗಲಿಲ್ಲ.

ಒಂಬತ್ತನೇ ದಿನ ಬಂದ ಕಾಗದದಲ್ಲಿ ಮೈಲ್ಡ್ ಡಿಸ್‌ಪ್ಲೇಸಿಯಾ ಅಂತ ಇತ್ತು. ಡಾಕ್ಟರು ನಿಧಾನವಾಗಿ ಹೇಳಿದರು: ಕ್ಯಾನ್ಸರ್ ಅಲ್ಲ. ಆದರೆ ಅಲ್ಲಿನ ಜೀವಕೋಶಗಳು ಸರಿಯಾದ ಸಾಲು ಬಿಟ್ಟು ಸ್ವಲ್ಪ ಆಚೀಚೆ ಬೆಳೆಯೋಕೆ ಶುರು ಮಾಡಿವೆ. ಹೊಗೆಸೊಪ್ಪು, ಅಡಿಕೆ ಎರಡೂ ಪೂರ್ತಿ ಬಿಡಬೇಕು, ತುಟಿಗೆ ಬಿಸಿಲು ತಾಗದ ಹಾಗೆ ನೋಡ್ಕೋಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಏನಾದ್ರೂ ಬದಲಾದರೆ ಅಷ್ಟು ಭಾಗ ತೆಗೆದುಬಿಡೋಣ.

ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅಂದ್ರೆ ಕೊಳೆ ಬಂದಿಲ್ಲ, ಮೋಡ ಆಗಿದೆ ಅಂತ" ಅಂದ.

"ಸರಿಯಾಗಿ ಹೇಳಿದ್ರಿ" ಅಂದರು ಡಾಕ್ಟರು. ಅವರೂ ಮಲೆನಾಡಿನವರೇ ಇರಬೇಕು.

ಮುರುಗಲ ತುಪ್ಪ ಹಚ್ಚಬಹುದಾ ಅಂತ ಅಮ್ಮ ಕೇಳಿದಳು. ಧಾರಾಳವಾಗಿ ಹಚ್ಚಿ, ರಾತ್ರಿ. ಹಗಲು ಮಾತ್ರ ಬಿಸಿಲು ತಡೆಯೋದು ಹಚ್ಚಿ ಅಂತ ಎಸ್‌ಪಿಎಫ್ 30 ಇರೋ ಲಿಪ್ ಬಾಮ್ ಬರೆದುಕೊಟ್ಟರು. ಕೆಳಗೆ ಅಂಗಡಿಯಲ್ಲಿ ಅಪ್ಪ ಆ ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕು ಗ್ರಾಂ, ಇನ್ನೂರೈವತ್ತು ರೂಪಾಯಿ. "ಕೆಜಿಗೆ ಎಷ್ಟಾಯ್ತು?" ಅಂದ. ಅರವತ್ತೆರಡು ಸಾವಿರದ ಐನೂರು ಅಂದೆ. ಅಪ್ಪ ಅಲ್ಲೇ ನಿಂತ. "ಒಂದು ಕ್ವಿಂಟಾಲ್ ರಾಶಿಗಿಂತ ಜಾಸ್ತಿ ಆಯ್ತಲ ಮಾರಾಯ!" ಅಂಗಡಿಯವನಿಗೂ ಲೆಕ್ಕ ಹೇಳಿದ, ಬಸ್ಸಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿದ. ಆ ಲೆಕ್ಕದ ಪ್ರಭಾವ ಅಂದ್ರೆ, ಕಡ್ಡಿಯನ್ನು ಈಗ ಬಹಳ ಜೋಪಾನ ಮಾಡ್ತಾನೆ, ತೋಟಕ್ಕೆ ಹೋಗುವಾಗ ಅಂಗಿಯ ಮೇಲಿನ ಜೇಬಲ್ಲೇ ಇರುತ್ತೆ.

ಟೊಪ್ಪಿಯದೊಂದು ತಕರಾರು ಬಂತು. ತೋಟಕ್ಕೆ ಹಾಕೋ ಹಾಳೆಟೊಪ್ಪಿಗೆ ಅಂಚಿಲ್ಲ, ಅದು ತಲೆ ಕಾಯುತ್ತೆ, ತುಟಿ ಕಾಯಲ್ಲ. ನಾನು ಆನ್‌ಲೈನಲ್ಲಿ ಅಗಲ ಅಂಚಿನ ಬಟ್ಟೆ ಟೊಪ್ಪಿ ತರಿಸಿ ಕಳಿಸಿದೆ. ಅದನ್ನು ಹಾಕಿಕೊಂಡ ದಿನ ಆಚೆಮನೆ ಮಾವ ಬೇಲಿಯಾಚೆಯಿಂದ "ಅಂಪೈರ್ ಬಂದ್ರು" ಅಂದರಂತೆ. ಅಪ್ಪ ಎರಡು ದಿನ ಹಾಕಲಿಲ್ಲ. ಮೂರನೇ ದಿನದಿಂದ ಹಾಕ್ತಿದ್ದಾನೆ. ಮಾವನ ಕೆಳತುಟಿಯನ್ನೂ ಒಂದು ದಿನ ಬೆಳಕಿಗೆ ಹಿಡಿದು ನೋಡಿದನಂತೆ, ಏನಿಲ್ಲ ಅಂತ ತೀರ್ಪು ಕೊಟ್ಟನಂತೆ. ಆದರೂ ಒಮ್ಮೆ ಡಾಕ್ಟ್ರಿಗೆ ತೋರಿಸು ಅಂತ ಅಮ್ಮ ಮಾವನಿಗೆ ಹೇಳಿದ್ದಾಳೆ.

ಕವಳ ಪೂರ್ತಿ ಬಿಟ್ಟಿದ್ದಾನಾ ಅಂತ ನಾನು ಅಮ್ಮನ ಹತ್ತಿರ ಕೇಳ್ತೀನಿ. "ಮನೆಯಲ್ಲಂತೂ ಇಲ್ಲ" ಅಂತಾಳೆ. ಮದುವೆ ಮನೆಯ ಪಂಕ್ತಿ ಮುಗಿದ ಮೇಲೆ ತಟ್ಟೆ ಮುಂದೆ ಬಂದಾಗ ಏನಾಗುತ್ತೋ ಗೊತ್ತಿಲ್ಲ. ಗಾಯ ಮಾಯ್ದಿದೆ, ಬಿಳಿಚಿದ ಜಾಗ ಇನ್ನೂ ಇದೆ. ಅಷ್ಟೇ ಇದೆಯಾ, ದೊಡ್ಡದಾಗಿದೆಯಾ ಅಂತ ಹದಿನೈದು ದಿನಕ್ಕೊಮ್ಮೆ ಅಮ್ಮ ಅಂಗಳದ ಬೆಳಕಲ್ಲಿ ನಿಲ್ಲಿಸಿ ಫೋಟೋ ತೆಗೆದು ಕಳಿಸ್ತಾಳೆ. ನಾನು ಅವನ್ನು ತಾರೀಖಿನ ಹೆಸರಲ್ಲಿ ಒಂದು ಫೋಲ್ಡರಿಗೆ ಹಾಕಿ, ಒಂದರ ಪಕ್ಕ ಒಂದು ಇಟ್ಟು ನೋಡ್ತೀನಿ.

ಮುಂದಿನ ಸಲ ತೋರಿಸೋಕೆ ಹೋಗೋದು ಮೇ ಕೊನೆಯ ವಾರ. ಮಳೆ ಹಿಡಿಯೋಕೆ ಮುಂಚೆ ತೋಟಕ್ಕೆ ಕೊಳೆ ಔಷಧಿ ಹೊಡೆಸಬೇಕು, ಆಳುಗಳು ಸಿಗೋದು ಕಷ್ಟ, ಅದಕ್ಕೂ ಎರಡು ದಿನ ಮೊದಲೇ ಹೋಗಿ ಬಂದುಬಿಡೋಣ ಅಂತ ಅಪ್ಪನೇ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಾನೆ.